ಮೊದಲ ಪುಟದಲ್ಲೇ ಕೊಲೆಗಾರ

ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಲ್ಲಿ ನಾನೊಂದು ಬಾಡಿಗೆ ಪುಸ್ತಕದ ಅಂಗಡಿ ನಡೆಸುತ್ತಿದ್ದೆ. ಬಿ.ಎ. ಮುಗಿಸಿದ ಹುಡುಗಿ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಅಪ್ಪ ಹಾಕಿಕೊಟ್ಟದ್ದು. ಅಲ್ಲಿ ಹೆಚ್ಚು ಓಡುತ್ತಿದ್ದುದು ಒಂದು ಪತ್ತೇದಾರಿ ಮಾಲಿಕೆ. ಅದರ ಪತ್ತೇದಾರ ಪಿಸ್ತೂಲು ಮುಟ್ಟಿದವನೇ ಅಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತಿದ್ದ, ಲೋಟದ ಅಂಚು ನೋಡುತ್ತಿದ್ದ. ಕೊನೆಗೆ ಎಲ್ಲರೆದುರು ಬೇಕೆಂದೇ ಒಂದು ಸುಳ್ಳು ಹೇಳಿ, ಅದನ್ನು ತಿದ್ದಲು ಬಾಯಿ ಬಿಟ್ಟವನನ್ನು ಹಿಡಿಯುತ್ತಿದ್ದ. ನನಗೆ ಅವನ ಹುಚ್ಚು.

ಹೀಗಿರುವಾಗ ಯಾರೋ ಈ ಪುಸ್ತಕಗಳ ಮೊದಲ ಪುಟದಲ್ಲೇ ಬಾಲ್‌ಪೆನ್ನಿನಿಂದ ಕೊಲೆಗಾರ ಯಾರೆಂದು ಬರೆಯತೊಡಗಿದರು. ‘ಕೊಂದವನು ಭಾವಮೈದ’, ‘ಕೊಂದವಳು ನರ್ಸ್’. ಗಿರಾಕಿಗಳು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ರಿಜಿಸ್ಟರ್ ತೆಗೆದು ನೋಡಿದರೆ, ಹೀಗೆ ಕೆಟ್ಟ ಪುಸ್ತಕಗಳೆಲ್ಲ ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಟೀಚರ ಕೈ ದಾಟಿದ್ದವು. ಸಾಕ್ಷಿ ಬೇಕಲ್ಲ? ಹೊಸ ಪುಸ್ತಕವೊಂದರಲ್ಲಿ ನಾನೇ ‘ಕೊಂದವನು ಡ್ರೈವರ್’ ಎಂದು ಸುಳ್ಳು ಬರೆದು ಅವರಿಗೆ ಕೊಟ್ಟೆ. ಅದನ್ನು ತಿದ್ದಿದರೆ ಸಿಕ್ಕಿಬಿದ್ದಂತೆ.

ವಾರದ ನಂತರ ಬಂದ ಟೀಚರ ಮುಖ ಬಾಡಿತ್ತು.

“ತಪ್ಪಾತ್ರಿ, ನಿಮ್ಮ ಪುಸ್ತಕ ಕೆಡಿಸಿದ್ದು ನಾನೇ,” ಎಂದರು. “ನಮ್ಮ ಅತ್ತೆಗೆ ಹಾರ್ಟ್ ವೀಕ್ ಐತೆ. ಗಾಬರಿ ಆಗೋವಂಥದ್ದು ಓದಬ್ಯಾಡ್ರಿ ಅಂತ ಡಾಕ್ಟ್ರು ಅಂದಾರೆ. ಅವರು ಕೇಳಂಗಿಲ್ಲ. ಅದಕ್ಕ ಕೊನೀ ಪುಟ ನೋಡಿ ಮೊದ್ಲೇ ಬರ್ದಿಡ್ತಿದ್ದೆ. ಈ ಸಲ ಯಾರೋ ಬರ್ದಿದ್ರು. ಪೇಪರ್ ತಿದ್ದೋ ಗಡಿಬಿಡಿ, ನಂಬಿಬಿಟ್ಟೆ. ಕೊನೀಗೆ ನೋಡಿದ್ರೆ ಕಥ್ಯಾಗ ತಾಯಿನ್ನ ಸ್ವಂತ ಮಗನೇ ಕೊಂದಾನೆ! ಅತ್ತೆಗೆ ಎದಿ ಹೊಡ್ಕಂಡು ಎರಡು ದಿನ ಆಸ್ಪತ್ರ್ಯಾಗ ಇದ್ರು.”

ಆ ‘ಯಾರೋ’ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ಇನ್ನು ಮೇಲೆ ಕೊಲೆಗಾರನ ಹೆಸರನ್ನು ಬೇರೆ ಚೀಟಿಯಲ್ಲಿ ನಾನೇ ಬರೆದು ಕೊಡುತ್ತೇನೆ, ಪುಸ್ತಕದಲ್ಲಿ ಬರೆಯಬೇಡಿ ಎಂದಷ್ಟೇ ಹೇಳಿದೆ. ಭಾನುವಾರ ಅವರ ಅತ್ತೆಯನ್ನು ನೋಡಲು ಮೋಸಂಬಿ ಹಿಡಿದು ಹರಿಹರದ ಬಸ್ಸು ಹತ್ತಿದೆ.

ಸೊಸೆ ಚಹಾ ಮಾಡಲು ಒಳಗೆ ಹೋದದ್ದೇ ತಡ, ಮಂಚದ ಮೇಲಿದ್ದ ಅತ್ತೆ ಕೇಳಿದರು: “ಡ್ರೈವರ್ ಅಂತ ಬರ್ದಾಕಿ ನೀನೇ ಏನವ್ವ?”

“ಹೆಂಗೆ ಗೊತ್ತಾತು ಅಜ್ಜಿ?”

“ನನ್ನ ಸೊಸಿ ಪೆನ್ ಒತ್ತಿ ಬರೀತಾಳೆ, ಹಾಳಿ ಹಿಂದೂ ಮೂಡಿರತೈತೆ. ಇದು ಹಂಗಿರಲಿಲ್ಲ. ಹೊಸಾ ಪುಸ್ತಕ, ನಮ್ಮನಿಗೆ ಬರೋಕಿಂತ ಮೊದ್ಲು ನಿನ್ನ ಕೈಯಾಗ ಅಷ್ಟೇ ಇತ್ತು. ಮತ್ತ ನೀನು ಬಂದಾಗಿಂದ ನನ್ನ ಮಕ ನೋಡಿಲ್ಲ.”

ನಾನು ಅತ್ತುಬಿಟ್ಟೆ. ಅವರು ನನ್ನ ಕೈ ಹಿಡಿದು, ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಪಿಸುಗುಟ್ಟಿದರು: “ಅಳಬ್ಯಾಡ. ಎಷ್ಟೋ ವರ್ಷದ ಮ್ಯಾಲ ಒಂದು ಕಥಿ ಕಥಿ ಹಂಗ ಓದಿದೆ. ಚೀಟ್ಯಾಗೂ ಸುಳ್ಳೇ ಬರಿ. ಆಕಿಗೆ ಗೊತ್ತಾಗಬಾರದು.”

ಹೂಂ ಎಂದು ಬಂದೆ. ಅಂಗಡಿಯಲ್ಲಿ ಖಾಲಿ ಚೀಟಿ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತೆ. ಅವರ ಆಸೆ ನನಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು? ಆದರೂ ನಿಜವಾದ ಕೊಲೆಗಾರನ ಹೆಸರನ್ನೇ ಬರೆದೆ.

ಆ ಪುಸ್ತಕ ವಾಪಸು ತಂದ ಟೀಚರು, “ಲೈಬ್ರರಿ ಹುಡುಗಿ ಅಂಜುಬುರುಕಿ ಅಂತ ಹೇಳು ಅಂದ್ರು ನಮ್ಮ ಅತ್ತೆ. ಯಾಕಂತ ತಿಳೀಲಿಲ್ಲ,” ಎಂದು ನಕ್ಕರು.

ನಾನೂ ನಕ್ಕೆ. ನನ್ನನ್ನು ಬೈದುಕೊಂಡಾದರೂ ಅಜ್ಜಿ ಬದುಕಿರಲಿ ಎನ್ನಿಸಿತು. ಮುಂದಿನ ಪುಸ್ತಕಕ್ಕೂ ನಿಜವಾದ ಹೆಸರನ್ನೇ ಬರೆದು ಕೊಟ್ಟೆ.