ಬಾಗಿಲಾಚೆಯ ಚಪ್ಪಲಿಗಳು

ಹಿರೇವಡ್ಡಟ್ಟಿಯ ಪರಶುರಾಮನದು ಊರೂರು ತಿರುಗಿ ಜಾಗ ಹುಡುಕುವ ಕೆಲಸ. ಗದಗ ಸುತ್ತಮುತ್ತ ದಿನಸಿ ಮಳಿಗೆಗಳನ್ನು ತೆರೆಯುವ ಕಂಪನಿಗಾಗಿ ಅವನೇ ಕಟ್ಟಡ ನೋಡಬೇಕು, ಮಾಲೀಕರನ್ನು ಒಪ್ಪಿಸಬೇಕು, ನೆಲಕ್ಕೆ ಟೈಲ್ಸ್ ಹಾಕಿಸಿ ಮಳಿಗೆಯನ್ನು ಸಿದ್ಧ ಮಾಡಿಕೊಡಬೇಕು.

ಮುಂಡರಗಿಯ ಮಳಿಗೆ ತೆರೆದ ದಿನವೇ ಅವನಿಗೆ ಸಿಟ್ಟು ಬಂತು. ಬಂದವರೆಲ್ಲ ಚಪ್ಪಲಿ ಹೊರಗೇ ಬಿಟ್ಟಿದ್ದರು. ಗಾಜಿನ ಬಾಗಿಲ ಮುಂದೆ ಅವುಗಳ ಗುಡ್ಡೆ ಬಿದ್ದು, ದಾಟಲು ದಾರಿಯೇ ಇರಲಿಲ್ಲ. ಹೊಳೆಯುವ ನೆಲ ಕಂಡು ಜನ ಹಿಂಜರಿದಿದ್ದಾರೆ ಎಂದುಕೊಂಡ ಅವನು ‘ಚಪ್ಪಲಿ ಹಾಕಿಕೊಂಡೇ ಬನ್ನಿ’ ಎಂದು ಫಲಕ ತೂಗುಹಾಕಿಸಿದ. ಜನ ಅದನ್ನು ಓದಿ, ಅದರ ಕೆಳಗೇ ಚಪ್ಪಲಿ ಬಿಟ್ಟು ಒಳಗೆ ನಡೆದರು.

ಕೊನೆಗೆ ತನ್ನೂರಿನ ಕರೆವ್ವ ಸಂತೆಚೀಲ ಹಿಡಿದು ಬಂದಾಗ ಅವಳನ್ನೇ ಕೇಳಿದ: “ದೊಡ್ಡವ್ವಾ, ನೆಲಾ ಹೊಲಸಾದ್ರ ನಾವು ಒರಸ್ತೀವಿ. ಚಪ್ಲಿ ಯಾಕ ಬಿಡ್ತೀರಿ?”

“ನೆಲದ್ದ ಯಾರಿಗೆ ಚಿಂತಿ ಐತಿ ತಮ್ಮಾ? ಒಳಗ ಜ್ವಾಳಾ ಐತಿ, ಬ್ಯಾಳಿ ಐತಿ. ನಿಮ್ಮ ಮನ್ಯಾಗ ಕಾಳಿನ ಚೀಲದ ಹತ್ರ ಚಪ್ಲಿ ಹಾಕ್ಕೊಂಡು ಹೋಗ್ತಿಯೇನು?”

ಪರಶುರಾಮ ಫಲಕ ಇಳಿಸಿ, ಬಾಗಿಲ ಪಕ್ಕ ನೆರಳಿನಲ್ಲಿ ಚಪ್ಪಲಿ ಇಡಲು ಕಡಪಾ ಕಲ್ಲಿನ ಗೂಡು ಕಟ್ಟಿಸಿದ. ಶಿರಹಟ್ಟಿ, ಲಕ್ಷ್ಮೇಶ್ವರದ ಮಳಿಗೆಗಳ ನಕ್ಷೆಯಲ್ಲಿ ಆ ಗೂಡು ಮೊದಲೇ ಸೇರಿತು.

ಮೊನ್ನೆ ಶಿರಹಟ್ಟಿಯ ಖಾಲಿ ಮಳಿಗೆಯೊಳಗೆ ಅವನು ದಿನವಿಡೀ ಬೂಟು ಹಾಕಿಕೊಂಡೇ ಓಡಾಡಿ ಕೆಲಸ ಮುಗಿಸಿದ. ಸಂಜೆ ಲಾರಿ ಬಂದು, ಮೊದಲ ಜೋಳದ ಚೀಲಗಳು ಒಳಗೆ ಹೋದವು. ಅವುಗಳ ಹಿಂದೆಯೇ ಹೊರಟವನು ಬಾಗಿಲಲ್ಲಿ ತಡೆದು ನಿಂತ. ಬಾಗಿ, ಬೂಟಿನ ಲೇಸು ಬಿಚ್ಚತೊಡಗಿದ.