ಐದು ಪ್ಯಾಕೆಟ್ ಉಪ್ಪು

ಬೆಳಿಗ್ಗೆ ಆರೂವರೆಗೆ, ಮೊದಲ ಲಾರಿ ಗೇಟಿಗೆ ಬರುವ ಮುಂಚೆ, ಕಾಟಾ ಹುಡುಗ ತನ್ನನ್ನು ತಾನೇ ತೂಗಿಕೊಳ್ಳುತ್ತಿದ್ದ. ಹುಡುಗ ಅನ್ನುವುದು ಲಾರಿಯವರ ಮಾತು. ವಯಸ್ಸು ಇಪ್ಪತ್ತೊಂಬತ್ತು, ತಲೆಕೂದಲು ಆಗಲೇ ಹಿಂದೆ ಸರಿಯತೊಡಗಿತ್ತು. ಕೆಲಸ ಜಲ್ಲಿ ಕ್ರಷರಿನ ಗೇಟಿನಲ್ಲಿ. ನೆಲಮಟ್ಟಕ್ಕೆ ಕೂರಿಸಿದ ಉದ್ದನೆಯ ಉಕ್ಕಿನ ಹಲಗೆ, ಪಕ್ಕದಲ್ಲಿ ಗಾಜಿನ ಕಿಟಕಿಯ ಕೋಣೆ, ಕೋಣೆಯ ನೆತ್ತಿಯ ಮೇಲೆ ಕೆಂಪು ಅಂಕಿಗಳ ಫಲಕ. ಲಾರಿ ಖಾಲಿ ಬಂದಾಗ ಒಮ್ಮೆ, ಜಲ್ಲಿ ತುಂಬಿಕೊಂಡು ಹೊರಟಾಗ ಒಮ್ಮೆ ಹಲಗೆ ಹತ್ತುತ್ತದೆ. ಇವನು ತೂಕದ ಚೀಟಿ ಕೊಡುತ್ತಾನೆ. ಅರವತ್ತು ಟನ್ ತಡೆಯುವ ಆ ಕಾಟಾದ ನಟ್ಟನಡುವೆ ಇವನೊಬ್ಬನೇ ಚಪ್ಪಲಿ ಬಿಟ್ಟು ನಿಂತರೆ, ಉಂಡೆದ್ದ ತಟ್ಟೆಯಲ್ಲಿ ಒಂದು ಕಾಳು ಉಳಿದ ಹಾಗೆ ಕಾಣುತ್ತಿತ್ತು. ಕಾಳು ನೂರಿಪ್ಪತ್ತು ಕಿಲೋ ಇತ್ತು ಅನ್ನುವುದು ಬೇರೆ ವಿಷಯ.

ಎಲ್ಲ ಶುರುವಾದದ್ದು ಒಂದು ಹೊಟ್ಟೆನೋವಿನಿಂದ. ಗ್ಯಾಸ್ ಅಂದುಕೊಂಡು ಮೂರು ದಿನ ಸೋಡಾ ಕುಡಿದ. ನಾಲ್ಕನೆಯ ದಿನ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೊಳಗೆಲ್ಲ ಹರಡಿತು. ಎರಡು ಆಪರೇಷನ್, ಇಪ್ಪತ್ತಾರು ದಿನ ಆಸ್ಪತ್ರೆ. ಮನೆಗೆ ಬಂದಾಗ ಮಂಚದಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗಬೇಕಿತ್ತು, ಅದೂ ನಡುವೆ ಒಂದು ಕಡೆ ಕೂತು. ಆಮೇಲಿನ ಒಂದು ವರ್ಷ ಅಮ್ಮ "ಸೊರಗಿ ಹೋಗಿದ್ದೀಯ, ತಿನ್ನು" ಅಂದಳು. ಇವನು ತಿಂದ. ಹುಟ್ಟಿದ ಮೇಲೆ ತಾಯಿಯ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿದ್ದು ಅದೇ ಮೊದಲು.

ಸೊರಗಿದ್ದು ಯಾವಾಗ ಮುಗಿಯಿತು, ಊದುವುದು ಯಾವಾಗ ಶುರುವಾಯಿತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಹೊಟ್ಟೆಯ ಹೊಲಿಗೆ ಒಳಗಿನಿಂದ ಬಿಟ್ಟುಕೊಂಡಾಗ. ಹೊಕ್ಕುಳ ಪಕ್ಕ ಕಿತ್ತಳೆ ಗಾತ್ರದ ಉಬ್ಬು ಎದ್ದಿತು. ಕೆಮ್ಮು ಬಂದರೆ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕೆಮ್ಮಬೇಕು.

"ಮತ್ತೆ ಹೊಲಿಯಬಹುದು," ಅಂದರು ಡಾಕ್ಟರಮ್ಮ. "ಆದರೆ ಈ ತೂಕದಲ್ಲಿ ಹೊಲಿದರೆ ಮತ್ತೆ ಬಿಡುತ್ತೆ. ನೂರರ ಕೆಳಗೆ ಬನ್ನಿ. ನಡೀರಿ, ಎಣ್ಣೆ ಸಕ್ಕರೆ ಬಿಡಿ, ಉಪ್ಪು ಕಮ್ಮಿ ಮಾಡಿ. ತುಂಬಾ ತಡ ಮಾಡಬೇಡಿ. ಆ ಸಂದಿಯಲ್ಲಿ ಕರುಳು ಸಿಕ್ಕಿಕೊಂಡರೆ ಆಮೇಲೆ ನನ್ನ ಕೈಯಲ್ಲಿರಲ್ಲ."

ಮನೆಯಲ್ಲಿ ಮುಳ್ಳಿನ ತೂಕದ ಯಂತ್ರವೊಂದಿತ್ತು. ಹತ್ತಿ ನಿಂತರೆ ಮುಳ್ಳು ಒಂದು ಸುತ್ತು ಪೂರ್ತಿ ತಿರುಗಿ, ನೂರಿಪ್ಪತ್ತನ್ನೂ ಸೊನ್ನೆಯನ್ನೂ ದಾಟಿ, ಎರಡಕ್ಕೆ ಬಂದು ನಿಂತಿತು.

"ಎರಡು ಕಿಲೋ," ಓದಿದಳು ಅಮ್ಮ. "ಹುಟ್ಟಿದಾಗ ಎರಡೂವರೆ ಇದ್ದೆ. ಇಳಿದಿದ್ದೀಯ ಬಿಡು."

ಇವನು ಇಳಿದ ಮೇಲೂ ಮುಳ್ಳು ಎರಡರಲ್ಲೇ ಇತ್ತು. ಸ್ಪ್ರಿಂಗು ಕೈಕೊಟ್ಟಿತ್ತು. ಹೊಸದು ತರೋಣ ಅಂದರೆ ಇವನಿಗೆ ಸ್ವಾಭಿಮಾನ ಅಡ್ಡ ಬಂತು. ಅರವತ್ತು ಟನ್ನಿನ ಕಾಟಾ ಆಳುವವನು ಅಂಗಡಿಗೆ ಹೋಗಿ ಕಾಲೊರೆಸಿನಷ್ಟು ದೊಡ್ಡ ಯಂತ್ರ ಕೇಳುವುದೇ?

ಹಾಗೆ ಶುರುವಾಯಿತು. ಮೊದಲ ವಾರ ಕೋಣೆಯಿಂದ ಗೇಟಿನವರೆಗೆ ನಡೆದ, ಅರವತ್ತು ಹೆಜ್ಜೆ. ಗೇಟು ಹಿಡಿದು ಏದುಸಿರು ಬಿಡುವಾಗ ಯಾರಾದರೂ ನೋಡಿದರೆ, ಚಿಲಕ ಸಡಿಲವಾಗಿದೆಯೇ ಅಂತ ಪರೀಕ್ಷಿಸುವವನ ಹಾಗೆ ಅಲ್ಲಾಡಿಸುತ್ತಿದ್ದ. ಎರಡನೆಯ ತಿಂಗಳಲ್ಲಿ ಅಂಗಳಕ್ಕೆ ಒಂದು ಸುತ್ತು, ನಾಲ್ಕನೆಯದರಲ್ಲಿ ಆರು ಸುತ್ತು. ಲಾರಿಯವರಿಗೆ ಹಬ್ಬ.

"ಏನ್ ತಮ್ಮಾ, ಇವತ್ತು ಖಾಲಿ ಗಾಡಿಯೋ ಲೋಡೋ?" ಅನ್ನುತ್ತಿದ್ದ ಮೀಸೆಯಣ್ಣ. ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಲಾರಿ ಹೊಡೆಯುವ ಡ್ರೈವರು, ದಿನಾ ಮೊದಲ ಗಾಡಿ ಅವನದೇ.

"ಓವರ್‌ಲೋಡ್ ಅಣ್ಣಾ. ಹಿಡಿದರೆ ದಂಡ."

ಫಲಕದ ನೂರಿಪ್ಪತ್ತು ಎಷ್ಟೋ ವಾರ ಅಲುಗಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ನೂರಹತ್ತು. ಮತ್ತೆ ತಿಂಗಳುಗಟ್ಟಲೆ ಕಲ್ಲಿನ ಹಾಗೆ ಅದೇ. ಆಮೇಲೊಂದು ಬೆಳಿಗ್ಗೆ, ನೂರು! ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಎರಡು ವಾರದ ನಂತರದ ದಿನ ಗೊತ್ತುಮಾಡಿಕೊಂಡ. ಅಷ್ಟರಲ್ಲಿ ನೂರರ ಕೆಳಗೆ ಜಾರುವುದು ಯಾವ ಮಹಾ ಕೆಲಸ ಅಂತ ಸುತ್ತು ನಾಲ್ಕಕ್ಕೆ ಇಳಿಸಿದ. ಸಂಜೆ ಒಂದು ಐಸ್‌ಕ್ರೀಮ್ ತಿಂದ. ಮರುದಿನ, ನಿನ್ನೆಯದು ಚಿಕ್ಕದಿತ್ತು ಅಂತ ಇನ್ನೊಂದು.

ಆಸ್ಪತ್ರೆಯ ಯಂತ್ರ ನೂರಾಮೂರೂವರೆ ಅಂದಿತು.

"ನಮ್ಮ ಕಾಟಾದಲ್ಲಿ ನೂರು ಬಂದಿತ್ತು ಮೇಡಂ."

"ಯಾವ ಕಾಟಾ?"

ಹೇಳಿದ. ಡಾಕ್ಟರಮ್ಮ ನಗು ತಡೆಯಲು ಪೆನ್ನಿನ ಮುಚ್ಚಳ ಕಚ್ಚಿಕೊಂಡರು. ಆದರೆ ದಿನ ಕೊಡಲಿಲ್ಲ. "ಎಂಟು ವಾರ ಬಿಟ್ಟು ಬನ್ನಿ."

ಬಸ್ಸಿನಲ್ಲಿ ಕೂತಾಗ ಇವನಿಗೆ ಕಪಾಳಕ್ಕೆ ಹೊಡೆದ ಹಾಗೆ ನೆನಪಾಯಿತು. ಆ ಕಾಟಾ ಮಾತಾಡುವುದು ಹತ್ತು ಹತ್ತು ಕಿಲೋದ ಲೆಕ್ಕದಲ್ಲಿ. ನೂರೈದಕ್ಕೆ ಮುಟ್ಟಿದರೆ ನೂರಹತ್ತು ತೋರಿಸುತ್ತದೆ, ಮುಟ್ಟದಿದ್ದರೆ ನೂರು. ನಡುವಿನದು ಅದಕ್ಕೆ ಕಾಣುವುದೇ ಇಲ್ಲ. ತಗಾದೆ ತೆಗೆಯುವ ಡ್ರೈವರುಗಳಿಗೆ ಇದನ್ನು ದಿನಕ್ಕೆ ಹತ್ತು ಸಲ ವಿವರಿಸುವವನು ಇವನೇ. ಊರಿಗೆಲ್ಲ ಹೇಳಿ ತನಗೊಬ್ಬನಿಗೆ ಹೇಳಿಕೊಳ್ಳುವುದು ಮರೆತಿದ್ದ.

ಮೂರು ದಿನ ನಡೆಯಲಿಲ್ಲ, ಹಲಗೆ ಹತ್ತಲಿಲ್ಲ. ನಾಲ್ಕನೆಯ ದಿನ ಮೀಸೆಯಣ್ಣ ಕಿಟಕಿಗೆ ಬಂದು ಕಾರಣ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಎದುರಿನ ಅಂಗಡಿಗೆ ಹೋಗಿ ಒಂದೊಂದು ಕಿಲೋದ ಆರು ಪ್ಯಾಕೆಟ್ ಉಪ್ಪು ತಂದ.

"ನಿಂತ್ಕೋ ಹೋಗು."

ನಿಂತ. ನೂರು. ಮೀಸೆಯಣ್ಣ ಇವನ ಪಾದದ ಪಕ್ಕ ಒಂದು ಪ್ಯಾಕೆಟ್ ಇಟ್ಟ. ನೂರು. ಎರಡನೆಯದು ಇಟ್ಟ. ನೂರಹತ್ತು.

"ಎರಡಕ್ಕೇ ಬಾಯಿ ಬಿಡ್ತು ನೋಡು. ಐದು ಇಟ್ಟರೂ ನೂರು ಕದಲಬಾರದು. ಅವತ್ತು ನೀನು ನೂರರ ಕೆಳಗೆ. ಈ ಹಲಗೆ ಸುಳ್ಳು ಹೇಳಲ್ಲ ತಮ್ಮಾ, ಕೇಳೋ ರೀತೀಲಿ ಕೇಳಬೇಕು."

ಅಂದಿನಿಂದ ಸೋಮವಾರ ಉಪ್ಪಿನ ದಿನವಾಯಿತು. ನಾಲ್ಕು ಸುತ್ತು ಮತ್ತೆ ಆರಾಯಿತು, ಆರು ಹತ್ತಾಯಿತು. ಎರಡಕ್ಕೆ ಹೊರಳುತ್ತಿದ್ದ ಅಂಕಿ ಮೂರಕ್ಕೆ ಹೋಗಲು ಎರಡು ವಾರ ಹಿಡಿಯಿತು. ನಾಲ್ಕಕ್ಕೆ ಹೋಗಿ ಒಂದು ವಾರ ಹಿಂದಕ್ಕೂ ಬಂತು. ಮೊದಲಾಗಿದ್ದರೆ ಕಾಟಾ ಕೆಟ್ಟಿದೆ ಅನ್ನುತ್ತಿದ್ದ. ಈಗ ಶನಿವಾರ ತಿಂದದ್ದು ಏನೇನು ಅಂತ ನೆನಪು ಮಾಡಿಕೊಂಡ.

ಆಸ್ಪತ್ರೆಗೆ ಹೋಗುವ ದಿನ ಬಂತು. ಬೆಳಿಗ್ಗೆ ಐದನೆಯ ಪ್ಯಾಕೆಟ್ ಇಟ್ಟಾಗ ಫಲಕ ನೂರು ಅಂದಿತು, ನೂರಹತ್ತು ಅಂದಿತು, ಮತ್ತೆ ನೂರು ಅಂದಿತು. ಗಾಳಿ ಇರಲಿಲ್ಲ. ಇವನು ಉಸಿರು ಬಿಗಿಹಿಡಿದು ನೋಡಿದ. ಅಂಕಿ ಕುಣಿಯುತ್ತಲೇ ಇತ್ತು.

"ನೂರು ಅಂದ್ಕೋ, ಹೋಗು," ಅಂದ ಮೀಸೆಯಣ್ಣ. "ಅಂಚಿನಲ್ಲಿದ್ದೀಯ. ಡಾಕ್ಟರಮ್ಮ ಅಷ್ಟಕ್ಕೆಲ್ಲಾ ಕಿರಿಕಿರಿ ಮಾಡಲ್ಲ."

ಹೋಗಬಹುದಿತ್ತು. ಹೊಟ್ಟೆಯ ಕಿತ್ತಳೆ ಸಾಕಾಗಿತ್ತು. ಒಂದು ನೆಗಡಿ ಬಂದರೂ ಜೀವ ಕೈಯಲ್ಲಿ ಹಿಡಿದು ಬದುಕಬೇಕು. ಆದರೂ ಇವನು ಹಲಗೆಯಿಂದ ಇಳಿದ.

"ಕುಣಿಯೋ ಅಂಕಿಗೆ ನಾನು ಚೀಟಿ ಕೊಡಲ್ಲ ಅಂತ ನಿಮ್ಮ ಜೊತೆಗೇ ಎಷ್ಟು ಸಲ ಜಗಳ ಆಡಿಲ್ಲ ಅಣ್ಣಾ?"

ಆಸ್ಪತ್ರೆಗೆ ಫೋನ್ ಮಾಡಿ ಹತ್ತು ದಿನ ಮುಂದಕ್ಕೆ ಕೇಳಿದ. "ಎಲ್ಲರೂ ಬೇಗ ಕೊಡಿ ಅಂತಾರೆ," ಗೊಣಗಿದಳು ನರ್ಸು.

ಹತ್ತು ದಿನದ ಮೇಲೆ, ಐದು ಪ್ಯಾಕೆಟ್ಟಿಗೂ ಫಲಕ ಕಣ್ಣು ಮಿಟುಕಿಸದೆ ನೂರರಲ್ಲೇ ನಿಂತಿತು. ಮೀಸೆಯಣ್ಣ ಆರನೆಯದನ್ನು ಇಟ್ಟ. ನೂರಹತ್ತು. ಭಾರ ಎತ್ತುವ ಹಾಗಿಲ್ಲದ್ದರಿಂದ ಇವನು ಉಪ್ಪನ್ನು ಒಂದೊಂದೇ ಕೋಣೆಗೆ ಸಾಗಿಸಿದ. ಆರು ಸಲ ಹೋಗಿ ಬಂದ. ಆರನೆಯ ಸಲಕ್ಕೂ ಗೇಟು ಹಿಡಿದುಕೊಳ್ಳಬೇಕು ಅನ್ನಿಸಲಿಲ್ಲ.

ಸಂಜೆ ಡಾಕ್ಟರಮ್ಮ ಯಂತ್ರ ನೋಡಿ, ಗೋಡೆಯ ಕ್ಯಾಲೆಂಡರ್ ತಿರುವಿ, ಮುಂದಿನ ತಿಂಗಳ ಒಂದು ಬುಧವಾರದ ಮೇಲೆ ಬೆರಳಿಟ್ಟರು.

"ತೊಂಬತ್ತೊಂಬತ್ತೂವರೆ. ಈ ಸಲ ಯಾರು ಹೇಳಿದ್ದು?"

"ಉಪ್ಪು ಮೇಡಂ."

"ಉಪ್ಪು ಕಮ್ಮಿ ಮಾಡಿ ಅಂದಿದ್ದೆ ನಾನು."

"ಆರು ಪ್ಯಾಕೆಟ್ ಇದೆ ಮೇಡಂ. ಒಂದನ್ನೂ ಒಡೆದಿಲ್ಲ."