ನಾನು ಬಾಯಿ ಮುಚ್ಚಿಸಿದ ಸರ್ವರ್

ಮೊನ್ನೆ ಹಳೇ ಕಂಪ್ಯೂಟರಿನ ಮೆಮೊರಿ ಪಟ್ಟಿ ಬಿಚ್ಚಿ, ಅದರ ಮಾಸಿದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಿದ್ದೆ. ಬಿಸಿಯಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಗೆ ಉಜ್ಜಲಿಕ್ಕೆ ಕಲಿಸಿದ ನಮ್ಮ ಲ್ಯಾಬ್ ಮೇಡಂ ಎದುರಿಗೆ ಬಂದು ನಿಂತ ಹಾಗಾಯಿತು...

ಮಡಿಕೇರಿಯ ಕಾಲೇಜೊಂದರಲ್ಲಿ ಅವರು ಪಾಠ ಹೇಳುತ್ತಿದ್ದರು, ನಾನು ಲ್ಯಾಬ್ ಅಸಿಸ್ಟೆಂಟ್. ಕೊಡಗಿನ ಗಾಳಿಬೀಡಿನಿಂದ ಬಾಳೆಲೆ ಊರಿನವರೆಗೆ ಕಾಫಿ ತೋಟಗಳ ಲೆಕ್ಕ ಬರೆಯುವ ರೈಟರ್‌ಗಳು ದಿನಾ ಇಂಚು-ಸೆಂಟಿನಲ್ಲಿ, ಅಂದರೆ ಇಂಚಿನ ನೂರರ ಒಂದು ಪಾಲಿನವರೆಗೆ, ಮಳೆ ಬರೆದಿಟ್ಟ ಪುಸ್ತಕಗಳನ್ನು ಮೇಡಂ ಕೇಳಿ ತಂದು, ವರ್ಷವಿಡೀ ಕೂತು ಒಂದು ಹಳೇ ಸರ್ವರಿಗೆ ತುಂಬಿಸಿದ್ದರು. ಪುಸ್ತಕಗಳು ವಾಪಸು ಹೋದವು, ಅರ್ಧಕ್ಕೆ ಗೆದ್ದಲು ಹಿಡಿಯಿತು. ಆ ಅರ್ಧದ ಮಳೆ ಉಳಿದಿದ್ದರೆ ಆ ಸರ್ವರಿನಲ್ಲೇ.

ಅದೋ, ‘ಮೆಮೊರಿ ತಪ್ಪು, ಸರಿಪಡಿಸಲಾಗಿದೆ’ ಅಂತ ಪರದೆ ತುಂಬಾ ಬರೆಯುತ್ತಿತ್ತು. ಸರಿಯಾಗಿದೆಯಲ್ಲ, ಮತ್ತೆಂತಕ್ಕೆ ಗೋಳು ಅಂತ ನಾನು ಯಂತ್ರದ ಒಳಗೇ ಬರೆದಿಟ್ಟ ಮೂಲ ಪ್ರೋಗ್ರಾಮಾದ ಫರ್ಮ್‌ವೇರ್ ಸೆಟ್ಟಿಂಗಿಗೆ ಹೋಗಿ ಆ ವರದಿಯನ್ನೇ ಆಫ್ ಮಾಡಿಬಿಟ್ಟೆ. ದೊಡ್ಡ ಜಾಣ ನಾನು.

ಗೊತ್ತಾದಾಗ ಮೇಡಂ ಬೈಯಲಿಲ್ಲ, ಕುರ್ಚಿ ಎಳೆದು ಕೂತರು. “ಒಂದು ಬಿಟ್ ತಪ್ಪಿದರೆ ಮೆಮೊರಿ ತಾನೇ ತಿದ್ದಿಕೊಳ್ಳುತ್ತೆ ಮಾರಾಯ. ಆದರೂ ನಡೆಯುವ ಕೆಲಸ ತಡೆದು ಕೂಗಿ ಹೇಳುವ ಇಂಟರಪ್ಟ್ ಕಳಿಸುತ್ತೆ, ಎಂತಕ್ಕೆ? ಫರ್ಮ್‌ವೇರ್ ಗುರುತು ಮಾಡಿಕೊಂಡು ಆಪರೇಟಿಂಗ್ ಸಿಸ್ಟಮ್‌ಗೆ ಹೇಳಲಿ ಅಂತ. ನಾಳೆ ಅಲ್ಲೇ ಎರಡು ಬಿಟ್ ಹೋದರೆ ತಿದ್ದಲಿಕ್ಕೆ ಆಗೂದಿಲ್ಲ, ಕೆಲಸವೇ ನಿಲ್ಲುತ್ತೆ.”

ವರದಿ ಮತ್ತೆ ಆನ್ ಮಾಡಿದೆವು. ಅಬ್ಬಾ, ಆ ಅರ್ಧ ಗಂಟೆ! ತಪ್ಪುಗಳು ಒಂದೊಂದಾಗಿ ಬಂದವು, ಎಲ್ಲವೂ ಒಂದೇ ಜಾಗದಿಂದ. ಹತ್ತು, ಹನ್ನೊಂದು... ಇಬ್ಬರೂ ಪರದೆಗೆ ಮುಖ ಹಚ್ಚಿ ಎಣಿಸುತ್ತಿದ್ದೆವು. ಆಪರೇಟಿಂಗ್ ಸಿಸ್ಟಮ್ ಅಲ್ಲಿದ್ದದ್ದನ್ನೆಲ್ಲ ಬೇರೆ ಕಡೆಗೆ ಸಾಗಿಸಿ, ಮೆಮೊರಿಯ ಆ ಒಂದು ಪುಟವನ್ನು, ಅಂದರೆ ಆ ಸಣ್ಣ ತುಂಡನ್ನು, ಇನ್ನು ಮುಟ್ಟುವುದಿಲ್ಲ ಅಂತ ಒಂದು ಸಾಲು ಬರೆಯಿತು. ಮೇಡಂ ಎರಡೂ ಕೈಯಲ್ಲಿ ಮೇಜು ಕುಟ್ಟಿದರು. ನಾನಂತೂ ಕುಣಿದೇಬಿಟ್ಟೆ. ಸಂಜೆಯೊಳಗೆ ಅಷ್ಟೂ ಮಳೆಯನ್ನು ಬೇರೆ ಯಂತ್ರಕ್ಕೆ ಇಳಿಸಿದೆವು. ಆಮೇಲೆ ಗೆದ್ದಲು ತಿನ್ನದೆ ಬಿಟ್ಟ ಪುಸ್ತಕಗಳ ಜೊತೆ ತಾಳೆ ನೋಡಿದರೆ ಒಂದು ಸೆಂಟೂ ತಪ್ಪಿರಲಿಲ್ಲ.

ಈಗ ಆ ಅಂಕಿಗಳನ್ನು ಯಾರ್ಯಾರೋ ಕೇಳಿಕೊಂಡು ಬರುತ್ತಾರೆ. ತೆಗೆದು ಕೊಡುವಾಗ ಇವತ್ತಿಗೂ ಎದೆ ಉಬ್ಬುತ್ತೆ. ಮೇಡಂ ಮಾತ್ರ ಇಲ್ಲ. ಆ ವರ್ಷವೇ ಹೃದಯ ನಿಂತು ಹೋದರು. ಅದಕ್ಕೆ ಮೊದಲು ಎರಡು ಮೂರು ಸಲ ಕಾಲೇಜಿನ ಮೆಟ್ಟಿಲ ಮೇಲೆ ಎದೆ ಒತ್ತಿಕೊಂಡು ಕೂತದ್ದನ್ನು ನಾನು ನೋಡಿದ್ದೆ. ಕೇಳಿದರೆ, “ಏನಿಲ್ಲ, ಸರಿಹೋಯ್ತು” ಅಂದು ಎದ್ದು ಹೋಗುತ್ತಿದ್ದರು. ಮನೆಯವರಿಗೆ ಒಂದು ಮಾತು ಹೇಳಲಿಲ್ಲವಲ್ಲ ಅಂತ ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನಾನೂ ಹೇಳಲಿಲ್ಲ.